ನಗೆಯ ಮೇಲೊಂದು ಗುಟುಕು ನೀರು

ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಮೊದಲು ನೀರು ಕುಡಿಯುವವರು ಮನೆಯವರು, ಆಮೇಲೆ ಬಂದವರು. ಪರವೂರಿನ ಬೀಗರು ಇದನ್ನು ಕಂಡು ಮೂಗು ಮುರಿಯುತ್ತಾರೆ. ಮುರಿಯಲಿ. ಬಂದವರು ಬಾಗಿಲಲ್ಲೇ ಏನೋ ತಮಾಷೆ ಮಾಡಿ, ನಾವು ಹಲ್ಲು ಬಿಟ್ಟು ನಕ್ಕು, ಆ ಹೊತ್ತಿಗೆ ಸರಿಯಾಗಿ ಅವರು 'ನಿಮ್ಮ ಎಮ್ಮೆ ನಮಗೆ ಕೊಡಿ' ಎಂದರೆ, ಹೋದ ಎಮ್ಮೆಯನ್ನು ಈ ಮೂಗು ಮುರಿದವರು ತಂದುಕೊಡುತ್ತಾರೆಯೇ? ಬಾಯಿ ಬಿಟ್ಟು ನಕ್ಕವರ ಗಂಟಲಲ್ಲಿ ಒಂದು ಗುಟುಕು ನೀರು ಇಳಿಯುವ ತನಕ 'ಒಲ್ಲೆ' ಎಂಬ ಮಾತು ಹೊರಡುವುದಿಲ್ಲ. ನಮ್ಮಜ್ಜನ ಕಾಲಕ್ಕೂ ಹೊರಡುತ್ತಿರಲಿಲ್ಲ, ಈಗಲೂ ಹೊರಡುವುದಿಲ್ಲ.

ಊರು ಅದಕ್ಕೆ ತಕ್ಕಂತೆ ನಡೆದುಕೊಂಡು ಬಂದಿದೆ. ಜವಳಿ ಅಂಗಡಿಯವರು ಗಿರಾಕಿ ಬಂದೊಡನೆ ಬಾಯಿತುಂಬ ಎಲೆಅಡಿಕೆ ತುರುಕಿಕೊಳ್ಳುತ್ತಾರೆ, ನಗುವುದಕ್ಕೆ ಜಾಗವೇ ಉಳಿಯಬಾರದು ಎಂದು. ನೋಂದಣಿ ಕಚೇರಿಯಲ್ಲಿ ಎರಡು ಹರವಿ ನೀರಿಟ್ಟು, ಗೋಡೆಯ ಮೇಲೆ 'ಇಲ್ಲಿ ವಿನೋದ ಮಾಡಬಾರದು' ಎಂದು ಬರೆಸಿದ್ದಾರೆ. ಬರೆಸದಿದ್ದರೂ ಅಲ್ಲಿ ನಗುವಂಥದ್ದು ಏನೂ ನಡೆಯುವುದಿಲ್ಲ. ತಾಯಂದಿರು ಉಂಡಿ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಟ್ಟು ಬಂದೇ ಮಕ್ಕಳೊಡನೆ ಆಟಕ್ಕೆ ಕೂರುತ್ತಾರೆ. ಪುರಸಭೆ ಅಧ್ಯಕ್ಷರ ಜೀಪು ಡ್ರೈವರ್ ಇಲ್ಲದೆಯೂ ಹೊರಟೀತು, ನೀರಿನ ಕ್ಯಾನ್ ಇಲ್ಲದೆ ಹೊರಡದು. ಚುನಾವಣೆ ಬಂದಾಗ ಅವರು ನಮ್ಮ ಹೆಗಲ ಮೇಲೆ ಕೈಹಾಕಿ ಗಹಗಹಿಸಿ ನಕ್ಕು, ನಾವು ರಸ್ತೆ ಕೇಳಲು ಬಾಯಿ ತೆರೆಯುವುದರೊಳಗೆ ಗಟಗಟನೆ ಕುಡಿದು ಮುಗಿಸಿರುತ್ತಾರೆ.

ಇಂಥ ಊರಲ್ಲಿ ನಗಿಸುವುದನ್ನೇ ಕಸುಬು ಮಾಡಿಕೊಂಡವನ ಹೆಂಡತಿ ನಾನು. ಹೆಸರು ನೀಲಗಂಗವ್ವ. ಊರವರು ಕರೆಯುವುದು ಗಂಟುಮುಖದ ನೀಲವ್ವ ಎಂದು. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಗೋಡೆಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಹೆಸರನ್ನು ನಾನೊಬ್ಬಳು ನುಂಗಿಕೊಂಡು ಆಗಬೇಕಾದದ್ದೇನು? ಗದಿಗೆಪ್ಪ. ಲಗ್ನವಾಗುವ ತನಕದ ಕಥೆಯಲ್ಲಿ 'ಅವನು' ಎನ್ನುತ್ತೇನೆ, ಲಗ್ನದಿಂದಾಚೆಗೆ 'ಅವರು'. ಇಷ್ಟು ಮರ್ಯಾದೆ ಸಾಕು.

ನಮ್ಮಿಬ್ಬರ ಲಗ್ನದ ಬಗ್ಗೆ ಊರಿಗೆಲ್ಲ ಗೊತ್ತಿರುವ ಒಂದು ಕಥೆ ಇದೆ, ನನಗೊಬ್ಬಳಿಗೇ ಗೊತ್ತಿರುವ ಒಂದು ನಿಜ ಇದೆ. ಆ ನಿಜವನ್ನು ಮೂವತ್ತೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಹೊರಗೆ ಬಿಟ್ಟರೆ ಒಬ್ಬ ಮನುಷ್ಯನ ಎದೆ ಒಡೆಯುತ್ತದೆ, ಜೊತೆಗೆ ಒಂದು ಹೆರಿಗೆ ದವಾಖಾನೆ ಮುಚ್ಚುತ್ತದೆ ಎಂಬ ಅಂಜಿಕೆ ನನಗಿತ್ತು.

ಗದಿಗೆಪ್ಪ ಮೊದಲು ಸಂತೆಯಲ್ಲಿ ಹಲ್ಲುಪುಡಿ ಮಾರುತ್ತಿದ್ದ. ಮಂಗಳವಾರ ಹುಣಸೆಮರದ ಕೆಳಗೆ ಒಂದು ಟ್ರಂಕಿನ ಮೇಲೆ ಹತ್ತಿ ನಿಂತು, ಹಲ್ಲಿಲ್ಲದ ಸಾಹುಕಾರ ಕಬ್ಬು ತಿಂದ ಪರಿ, ಸೊಸೆಯ ರೊಟ್ಟಿಗೆ ಅತ್ತೆಯ ಕಟ್ಟಿದ ಹಲ್ಲು ಅಂಟಿಕೊಂಡ ಪರಿ, ಹೀಗೆ ಏನೇನೋ ಮಾಡಿ ತೋರಿಸುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಂತೆ 'ಒಂದೊಂದು ಡಬ್ಬಿ ತಗೋರಿ' ಎನ್ನುತ್ತಿದ್ದ. ಯಾರ ಬಾಯಲ್ಲಿ 'ಒಲ್ಲೆ' ಬಂದೀತು? ನಮ್ಮ ಮನೆಯ ಮಾಡದಲ್ಲೇ ಇಪ್ಪತ್ಮೂರು ಡಬ್ಬಿ ಇದ್ದವು. ನಮ್ಮಪ್ಪ ಚನ್ನಮಲ್ಲಪ್ಪ, ಹಿಟ್ಟಿನ ಗಿರಣಿಯ ಮಾಲೀಕ, ಪ್ರತಿ ಮಂಗಳವಾರ 'ಈ ಸಲ ಆ ಕಡೆ ಹಾಯೂದಿಲ್ಲ' ಎಂದು ಹೊರಟು, ಸಂಜೆ ಡಬ್ಬಿ ಹಿಡಿದುಕೊಂಡು ಬರುತ್ತಿದ್ದ. ಊರಿನ ಹಲ್ಲುಗಳು ಮಾತ್ರ ಮೊದಲು ಹೇಗಿದ್ದವೋ ಹಾಗೆಯೇ ಇದ್ದವು.

ನಾನೂ ಹೋಗುತ್ತಿದ್ದೆ. ಮುಂದಿನ ಸಾಲಿನಲ್ಲೇ ನಿಲ್ಲುತ್ತಿದ್ದೆ. ನನಗೆ ನಗು ಬರುತ್ತಿರಲಿಲ್ಲ. ಗದಿಗೆಪ್ಪನ ಹಾಸ್ಯ ನನಗೆ ಒಂದು ದಿನವೂ ಹಾಸ್ಯವೆನಿಸಿಲ್ಲ, ಇದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅತ್ತೆಯ ಕಟ್ಟಿದ ಹಲ್ಲು ರೊಟ್ಟಿಗೆ ಅಂಟಿಕೊಂಡರೆ ಅದರಲ್ಲಿ ನಗುವಂಥದ್ದೇನು? ಅತ್ತೆಗೆ ಹಲ್ಲು ಹೋಯಿತು, ಸೊಸೆಗೆ ರೊಟ್ಟಿ ಹೋಯಿತು. ಆದರೆ ನಗದೆ ನಿಂತವರಿಗೆ ಒಂದು ಲಾಭವಿದೆ. ಉಳಿದವರು ಕಣ್ಣುಮುಚ್ಚಿ ನಗುವಾಗ ನಮ್ಮ ಕಣ್ಣು ತೆರೆದೇ ಇರುತ್ತದೆ. ಹಾಗಾಗಿ ನಾನೊಬ್ಬಳೇ ಕಂಡದ್ದು ಇದು: ನಗಿಸಿದ ಮೇಲೆ, ಡಬ್ಬಿ ಕೇಳುವ ಮುಂಚೆ, ಗದಿಗೆಪ್ಪ ಟ್ರಂಕಿನ ಹಿಂದಿನಿಂದ ಒಂದು ತಂಬಿಗೆ ನೀರನ್ನು ಸದ್ದಿಲ್ಲದೆ ಹಮಾಲರ ಕಡೆಗೆ, ಕಾಯಿಪಲ್ಲೆ ಮಾರುವ ಮುದುಕಿಯರ ಕಡೆಗೆ ದಾಟಿಸುತ್ತಿದ್ದ. ಅವರು ಕುಡಿದು 'ಒಲ್ಲೆವು' ಎಂದು ಎದ್ದು ಹೋಗುತ್ತಿದ್ದರು. ಡಬ್ಬಿ ಬೀಳುತ್ತಿದ್ದದ್ದು ನಮ್ಮಪ್ಪನಂಥವರ ಕೊರಳಿಗೆ. ನಾನು ಆ ತಂಬಿಗೆಯನ್ನು ನೋಡಲೆಂದೇ ಪ್ರತಿ ವಾರ ಹೋಗುತ್ತಿದ್ದೆ. ಅವನನ್ನು ನೋಡಲು ಎಂದರೂ ತಪ್ಪಿಲ್ಲ.

ಆ ವರ್ಷ ನಮ್ಮಪ್ಪ ನನ್ನನ್ನು ಒಬ್ಬ ತಂಬಾಕಿನ ವ್ಯಾಪಾರಿಗೆ ಕೊಡುವುದೆಂದು ಮಾತಾಡಿ ಬಂದ. ಅವನಿಗೆ ಅದು ಎರಡನೆಯ ಸಂಬಂಧ, ಮೊದಲನೆಯವಳು ಸತ್ತದ್ದು ಹೇಗೆ ಎಂದು ಕೇಳಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ನಾನು ಒಲ್ಲೆ ಎಂದೆ. ನಗದೆ, ನೀರು ಕುಡಿದು, ಗಟ್ಟಿಯಾಗಿಯೇ ಎಂದೆ. ಹೆಣ್ಣುಮಕ್ಕಳ 'ಒಲ್ಲೆ' ನಮ್ಮೂರಲ್ಲಿ ಬಾಯಿಂದ ಹೊರಡುತ್ತದೆ, ಕಿವಿಗೆ ಹೋಗುವುದಿಲ್ಲ. ಅದಕ್ಕೆ ನಗೆಯ ಅಡ್ಡಿಯೂ ಬೇಕಿಲ್ಲ.

ಆ ಮಂಗಳವಾರವೂ ನಾನು ಮುಂದೆಯೇ ನಿಂತಿದ್ದೆ. ನನ್ನ ಮುಖ ನೋಡಿ ನೋಡಿ ರೋಸಿಹೋಗಿದ್ದ ಗದಿಗೆಪ್ಪ ಟ್ರಂಕಿನ ಮೇಲಿಂದ ಕೂಗಿದ: "ಈ ಹುಡಿಗಿ ಒಂದ ಸಲ ನಕ್ಕಳಂದ್ರ, ನಾ ಹಲ್ಲುಪುಡಿ ಬಿಟ್ಟು ಈಕಿನ್ನೇ ಲಗ್ನ ಆಗ್ತೀನಿ ನೋಡ್ರಿ!"

ನಾನು ನಕ್ಕೆ. ಬಾಯಿ ಅಗಲಿಸಿ, ಹೊಟ್ಟೆ ಹಿಡಿದು, ಸೆರಗು ಜಾರುವಂತೆ ಹಾ ಹಾ ಹಾ ಎಂದು ನಕ್ಕೆ. ಒಳಗೆ ನಗು ಎಳ್ಳಷ್ಟೂ ಇರಲಿಲ್ಲ, ಜೀವ ಪುಕುಪುಕು ಎನ್ನುತ್ತಿತ್ತು. ಸಂತೆಗೆ ಸಂತೆಯೇ ಬೆಪ್ಪಾಯಿತು. ಗದಿಗೆಪ್ಪ ನನ್ನನ್ನೇ ನೋಡುತ್ತ ನಿಂತ. ಟ್ರಂಕಿನಿಂದ ಇಳಿದ. "ಆಗ್ತೀಯೇನು ನನ್ನ ಲಗ್ನ?" ಎಂದು ಮೆಲ್ಲಗೆ ಕೇಳಿದ.

"ನೀಲಾ, ನೀರ ಕುಡಿ! ಮೊದ್ಲ ನೀರ ಕುಡಿಯವ್ವಾ!" ಎಂದು ನಮ್ಮಪ್ಪ ಚಹದಂಗಡಿಯಿಂದ ತಂಬಿಗೆ ಕಸಿದುಕೊಂಡು, ಅರ್ಧ ನೀರು ಧೋತರದ ಮೇಲೆ ಚೆಲ್ಲಿಕೊಳ್ಳುತ್ತ ಓಡಿಬಂದ.

"ಹೂಂ" ಎಂದೆ ನಾನು.

ಮುಗಿಯಿತು. ಎಂಬತ್ತು ಜನರ ಎದುರಿಗೆ ನಕ್ಕು ಹೂಂ ಅಂದದ್ದು ನಮ್ಮೂರಲ್ಲಿ ಕಾಗದದ ಮೇಲೆ ಬರೆದದ್ದಕ್ಕಿಂತ ಗಟ್ಟಿ. ತಂಬಾಕಿನವನೂ ಬಾಯಿ ಮುಚ್ಚಿಕೊಂಡ. 'ಪಾಪ, ಕೂಸು ನಕ್ಕುಬಿಡ್ತು' ಎಂದು ಹೆಂಗಸರು ನನ್ನ ಗಲ್ಲ ಸವರಿದರು. ನಕ್ಕಂತೆ ಮಾಡಿದಳು ಎಂದು ಒಬ್ಬರಿಗಾದರೂ ಹೊಳೆಯಬೇಕಲ್ಲ? ಹೊಳೆಯಲಿಲ್ಲ. ನಗು ಎಂದರೆ ಕುತ್ತು ಎಂದು ಹುಟ್ಟಿನಿಂದ ತಿಳಿದವರು ನಾವು. ಇಲ್ಲದ ಕುತ್ತನ್ನು ಇದೆ ಎಂದು ತೋರಿಸಿಕೊಳ್ಳುವ ಹುಚ್ಚಿ ಊರಲ್ಲಿ ಇರಬಹುದು ಎಂದು ಯಾರು ತಿಳಿದಾರು?

ಲಗ್ನದ ದಿನ ಅಕ್ಕಿಕಾಳು ಬಿದ್ದ ಮೇಲೆ ಗದಿಗೆಪ್ಪನವರು ತಂಬಿಗೆ ಎತ್ತಿ ಹಿಡಿದು ಒಂದು ಆಣೆ ಮಾಡಿದರು. "ಇವತ್ತಿನಿಂದ ನನ್ನ ಸಲುವಾಗಿ ಯಾರ ಹಂತೇಕನೂ ಏನೂ ಬೇಡಂಗಿಲ್ಲ." ಊರು ತಲೆದೂಗಿತು. ಹುಡುಗಿಯನ್ನು ಮೋಸದಿಂದ ಕಟ್ಟಿಕೊಂಡ ಪಾಪ ಕಾಡುತ್ತಿದೆ, ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾನೆ ಎಂದರು. ನಾನೂ ಹಾಗೆಯೇ ತಿಳಿದೆ. ಆ ರಾತ್ರಿಯೇ ಹೇಳಿಬಿಡಬೇಕಿತ್ತು. ಆದರೆ ಏನೆಂದು ಹೇಳುವುದು? 'ನಿಮಗೆ ಪಾಪ ಬಂದಿಲ್ಲ, ಯಾಕೆಂದರೆ ನಿಮ್ಮ ಹಾಸ್ಯಕ್ಕೆ ನನಗೆ ನಗುವೇ ಬಂದಿಲ್ಲ' ಎಂದೇ? ಹಾಸ್ಯಗಾರನಿಗೆ ಈ ಮಾತು ಹೇಳುವುದಕ್ಕಿಂತ ಊಟದಲ್ಲಿ ವಿಷ ಹಾಕುವುದು ವಾಸಿ. ಅವರಂತೂ ಎಲ್ಲರ ಮುಂದೆ 'ಕಲ್ಲು ನಗಿಸಿದವ ನಾನು' ಎಂದು ಹೇಳಿಕೊಂಡು ತಿರುಗುತ್ತಿದ್ದರು. ಕಲ್ಲು ಎಂದರೆ ನಾನೇ.

ಆಣೆ ಅವರದ್ದು, ಅದರ ಭಾರ ನನ್ನದು. ಹಲ್ಲುಪುಡಿ ನಿಂತಿತು. ನಾನು ಅಪ್ಪನ ಗಿರಣಿಯಲ್ಲಿ ಜೋಳ ಬೀಸಲು ನಿಂತೆ, ಅಪ್ಪನ ನಂತರ ಗಿರಣಿ ನನ್ನದೇ ಆಯಿತು. ಸಂಸಾರ ಹೇಗೋ ನಡೆಯಿತು. ನಡೆಯದಿದ್ದದ್ದು ಊಟ. ತಮ್ಮ ಸಲುವಾಗಿ ಏನೂ ಬೇಡುವುದಿಲ್ಲ ಎಂದಮೇಲೆ ಉಪ್ಪನ್ನೂ ಬೇಡುವಂತಿಲ್ಲ! ಸಪ್ಪನೆಯ ಸಾರಿನ ಮುಂದೆ ಸಂತನಂತೆ ಕೂತುಬಿಡುತ್ತಿದ್ದರು. "ಉಪ್ಪ ಬೇಕೇನ್ರಿ?" ಎಂದು ನಾನೇ ಕೇಳಬೇಕು. "ಹಾಕಿದ್ರ ಹಾಕು" ಎನ್ನುತ್ತಿದ್ದರು. ಇನ್ನೊಂದು ರೊಟ್ಟಿ ಬೇಕೇ, ಹಾಸಿಗೆ ಹಾಸಲೇ, ಬೆನ್ನು ತಿಕ್ಕಲೇ, ಎಲ್ಲ ನಾನೇ ಕೇಳಬೇಕು. ಊರಿನ ಹೆಂಡಂದಿರಿಗೆ ಗಂಡ ಬೇಡಿದ್ದನ್ನು ಮಾಡಿಹಾಕುವ ಕೆಲಸ ಒಂದೇ, ನನಗಾದರೋ ಅವರಿಗೆ ಏನು ಬೇಕೆಂದು ಕಂಡುಹಿಡಿಯುವ ಕೆಲಸವೂ ಬಂತು. ಜನ ಮಾತ್ರ "ಎಂಥಾ ಪುಣ್ಯಾ ಮಾಡೀರಿ ನೀಲವ್ವಾ, ಏನೂ ಬೇಡದ ಗಂಡ!" ಎನ್ನುತ್ತಿದ್ದರು.

ಮೂರನೆಯ ವರ್ಷ ನಾನು ಬಸಿರಾದೆ. ನಮ್ಮೂರಿನಿಂದ ಹೆರಿಗೆ ದವಾಖಾನೆ ಇದ್ದ ಊರಿಗೆ ಗಾಡಿಯಲ್ಲಿ ಅರ್ಧ ದಿನದ ಹಾದಿ. ನನ್ನ ಮಗಳು ಆ ಹಾದಿಯಲ್ಲೇ ಹುಟ್ಟಿ, ಹಾದಿ ಮುಗಿಯುವ ಮೊದಲೇ ಹೋದಳು. ಈ ಒಂದು ಮಾತನ್ನು ಚುಚ್ಚಿ ಹೇಳಲು ನನಗೆ ಬರುವುದಿಲ್ಲ. ಆಮೇಲೆ ಮಕ್ಕಳಾಗಲಿಲ್ಲ.

ಆರು ತಿಂಗಳು ಗದಿಗೆಪ್ಪನವರು ಮಾತಾಡಲಿಲ್ಲ. ಏಳನೆಯ ತಿಂಗಳು ಪುರಸಭೆಯ ರಂಗಮಂದಿರ ಹಿಡಿದು ಒಂದು ಆಟ ಕಟ್ಟಿದರು. ಹೆಂಡತಿಗೆ ಬೇನೆ ಬಂದರೆ ಗಾಬರಿಬಿದ್ದು ತಾನೇ ಗಾಡಿಯಲ್ಲಿ ಮಲಗಿಕೊಂಡು, ಹೆಂಡತಿಯ ಕೈಯಲ್ಲಿ ಎತ್ತು ಹೊಡೆಸಿದ ಗಂಡನ ಆಟ. ಎತ್ತೂ ಅವರೇ, ಗಂಡನೂ ಅವರೇ, ಹೆಂಡತಿಯೂ ಅವರೇ. ಜನ ಉರುಳಾಡಿ ನಕ್ಕರು. ನಾನು ಬಾಗಿಲಲ್ಲಿ ನಿಂತು ಅತ್ತೆ. ನಗು ನಿಲ್ಲುವ ಮೊದಲೇ ಅವರು ಕೈಜೋಡಿಸಿ, "ಊರಿಗೊಂದ ಹೆರಗಿ ದವಾಖಾನಿ ಬೇಕು. ಒಬ್ಬೊಬ್ಬರು ಒಂದೊಂದ ಮಂಚಾ ಕೊಡ್ರಿ" ಎಂದರು. ಇಡೀ ಸಭೆ ಹೂಂ ಎಂದಿತು.

ಮಂಚಗಳು ಬಂದವು. ಮೂರು ಕಾಲಿನವು, ತಿಗಣೆ ತುಂಬಿದವು, ಒಂದಂತೂ ತೊಟ್ಟಿಲಿನಷ್ಟೇ ಇತ್ತು. ಕೊಟ್ಟವರನ್ನು ಕೇಳಿದರೆ, ಮಂಚ ಎಂದಿರಿ, ಕೊಟ್ಟೆವು, ಎಂಥ ಮಂಚ ಎಂದು ಹೇಳಲಿಲ್ಲವಲ್ಲ ಎಂದರು. ನಮ್ಮೂರ ದಾನಿಗಳ ಬಾಯಿ ಕಟ್ಟಿದರೆ ಕೈ ಬಿಚ್ಚುತ್ತದೆ ಎಂದು ತಿಳಿದದ್ದು ನಮ್ಮ ತಪ್ಪು. ಅಂದಿನಿಂದ ಗದಿಗೆಪ್ಪನವರು ಅಳತೆ ಹೇಳಿ ಬೇಡಲು ಕಲಿತರು. "ಸಾಗವಾನಿ ಬಾಗಿಲಾ, ಏಳ ಫೂಟ ಎತ್ತರ, ಚೌಕಟ್ಟ ಸಹಿತ, ಬರೂ ಸೋಮವಾರ" ಎಂದು ಉಸಿರು ಬಿಡದೆ ಹೇಳುತ್ತಿದ್ದರು. ನಗಿಸುವುದು ಅರ್ಧ ವಿದ್ಯೆ, ಬೇಡುವುದು ಇನ್ನರ್ಧ. ಬಾಗಿಲಲ್ಲಿ ನನ್ನದೂ ಒಂದು ಕೆಲಸವಿತ್ತು. ಮುಂದಿನ ಸಾಲಿನ ಸಾಹುಕಾರರ ತಂಬಿಗೆ, ಬಾಟಲಿ, ಕೊನೆಗೆ ಶಾಲಿನೊಳಗೆ ಬಚ್ಚಿಟ್ಟ ಎಳನೀರಿನ ತನಕ ಎಲ್ಲ ಕಸಿದು ಹೊರಗಿಡುವುದು. ಆಟ ಮುಗಿಯುತ್ತಿದ್ದಂತೆ, ಗದಿಗೆಪ್ಪನವರು ಬೇಡಲು ಬಾಯಿ ತೆರೆಯುವ ಮುಂಚೆ, ಹಿಂದಿನ ಸಾಲಿನ ಕೂಲಿಯವರಿಗೆ ಕೊಡದಿಂದ ನೀರು ಹಂಚುವುದು. ಹೀಗೆ ಹತ್ತು ವರ್ಷಕ್ಕೆ ದವಾಖಾನೆ ಎದ್ದಿತು. ಬಾಗಿಲು ಒಬ್ಬರದು, ಹಂಚು ಒಬ್ಬರದು, ಬಾವಿಯ ಗಡಗಡೆ ಮತ್ತೊಬ್ಬರದು. ಅಲ್ಲಿಂದೀಚೆಗೆ ನಮ್ಮೂರ ಒಂದು ಕೂಸೂ ಗಾಡಿಯಲ್ಲಿ ಹುಟ್ಟಿಲ್ಲ. ಕೊಟ್ಟವರೆಲ್ಲ ತಮ್ಮ ತಮ್ಮ ವಸ್ತುವಿನ ಮೇಲೆ ಹೆಸರು ಕೊರೆಸಿಕೊಂಡರು. ಗಡಗಡೆಯ ಮೇಲೂ ಒಂದು ವಂಶಾವಳಿ ಇದೆ.

ಈಗ ತಿಳಿಯಿತಲ್ಲ, ನಾನು ಯಾಕೆ ಬಾಯಿ ಬಿಡಲಿಲ್ಲ ಎಂದು? ನಗುವನ್ನು ನಟಿಸಬಹುದು, ನಟಿಸಿದರೆ 'ಒಲ್ಲೆ' ಎನ್ನಲು ಏನೂ ಅಡ್ಡಿಯಿಲ್ಲ ಎಂಬ ಗುಟ್ಟು ಮುಂದಿನ ಸಾಲಿಗೆ ಗೊತ್ತಾದರೆ ಸಾಕಿತ್ತು. ಮರುದಿನದಿಂದ ಎಲ್ಲರೂ ಹಾ ಹಾ ಎಂದು ನಕ್ಕು, ಚಪ್ಪಾಳೆ ತಟ್ಟಿ, ಒಲ್ಲೆವು ಎಂದು ಮನೆಗೆ ಹೋಗುತ್ತಿದ್ದರು.

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಬಾಯಿ ಒಂದು ಕಡೆ ಸೊಟ್ಟಗಾಯಿತು, ಮಾತು ತೊದಲಿತು. ಡಾಕ್ಟರು ಕರಿದದ್ದು ಬಂದ್ ಎಂದರು. ಅವರಿಗೆ ಮಿರ್ಚಿ ಭಜಿ ಎಂದರೆ ಪ್ರಾಣ. ಎದುರಿನ ಅಂಗಡಿಯಲ್ಲಿ ಎಣ್ಣೆ ಕಾದ ವಾಸನೆ ಬಂದರೆ ಮೂಗು ಅರಳಿಸುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ. ಹೆರಿಗೆ ದವಾಖಾನೆಯ ಕಥೆಯೂ ಸುಖವಾಗಿರಲಿಲ್ಲ. ಇದ್ದದ್ದು ಒಂದೇ ಹೆರಿಗೆ ಕೋಣೆ, ಬಸುರಿಯರು ಜಗಲಿಯಲ್ಲಿ ಸಾಲಾಗಿ ಮಲಗುತ್ತಿದ್ದರು. ಹಿಂದೆಯೇ ಬೇಲಿಯಿಂದ ಬಾವಿಯ ತನಕ ಖಾಲಿ ಜಾಗ, ಹತ್ತಿ ವ್ಯಾಪಾರಿ ಸಂಗನಬಸಪ್ಪ ಸಾಹುಕಾರರದ್ದು. ಅದರಲ್ಲಿ ಅವರು ಮುರಿದ ಚಕ್ಕಡಿಗಳನ್ನು ಸಾಕುತ್ತಿದ್ದರು. ಆ ಮನುಷ್ಯ ತಮ್ಮ ಜನ್ಮದಲ್ಲಿ ಹೊರಗೆ ನಕ್ಕವರಲ್ಲ. ಹೋದಲ್ಲೆಲ್ಲ ಬೆಳ್ಳಿ ತಂಬಿಗೆ ಹಿಡಿದ ಆಳು ದ್ಯಾಮಣ್ಣ ಬೆನ್ನಿಗಿರುತ್ತಿದ್ದ. ನಾನು ತಂಬಿಗೆ ಕಸಿಯುತ್ತೇನೆಂದು ನಮ್ಮ ಆಟಕ್ಕೆ ಒಂದು ದಿನವೂ ಬಂದಿರಲಿಲ್ಲ.

ಅಂಥವರು ಗದಿಗೆಪ್ಪನವರ ಅಭಿನಂದನ ಸಮಿತಿಗೆ ಅಧ್ಯಕ್ಷರಾದರು. ಮನುಷ್ಯ ಇನ್ನು ಬೇಡಲಾರ ಎಂದು ಖಾತ್ರಿಯಾದ ಮೇಲೆ ಸನ್ಮಾನ ಮಾಡುವುದು ನಮ್ಮೂರ ಪದ್ಧತಿ. ಸಮಿತಿಯ ಕಾರ್ಯದರ್ಶಿ, ನಿವೃತ್ತ ಹೆಡ್‌ಮಾಸ್ತರ ಗುರುಲಿಂಗಯ್ಯನವರು ಗಿರಣಿಗೇ ಬಂದರು.

"ನೀಲವ್ವಾರ, ತಾವೂ ವೇದಿಕಿ ಮ್ಯಾಲೆ ಕೂಡಬೇಕು. ನಾ ಎಲ್ಲಾ ಕಥಿ ಹೇಳ್ತೀನಿ. ಅವರು ನಿಮಗ ಮಾಡಿದ ಮೋಸ, ಪ್ರಾಯಶ್ಚಿತ್ತ, ದವಾಖಾನಿ. ಕಡೀಕ ತಾವು ಎದ್ದು 'ನಾ ಕ್ಷಮಿಸೀನಿ' ಅಂತ ಒಂದ ಮಾತ ಅಂದ್ರ ಸಾಕು. ಜನಾ ಕಣ್ಣೀರ ಹಾಕ್ತಾರ."

"ನಾ ಬಾಗಲದಾಗ ನಿಲ್ಲಬೇಕಲ್ರಿ ಮಾಸ್ತರ್ರ, ತಂಬಿಗಿ ಯಾರ ಇಸಗೊಳ್ಳೋರು?"

"ಇದು ಸನ್ಮಾನ್ರಿ, ಚಂದಾ ಎತ್ತೂದಲ್ಲ. ಸಾಹುಕಾರ್ರ ತಂಬಿಗಿಗೆ ಕೈ ಹಚ್ಚೂದು ಸರಿ ಕಾಣಂಗಿಲ್ಲ. ಮತ್ತ ಗದಿಗೆಪ್ಪನವರೂ ಇನ್ನ ಎಲ್ಲಿ ನಗಸ್ತಾರ ಬಿಡ್ರಿ, ಪಾಪ."

ಆ 'ಪಾಪ' ನನಗೆ ಚುಚ್ಚಿತು. ಹೂಂ ಎಂದೆ.

ಸನ್ಮಾನದ ದಿನ ಸಂಜೆ ನಾಲ್ಕಕ್ಕೆ ರಂಗಮಂದಿರ ತುಂಬಿತ್ತು. ಸಾಹುಕಾರರು ನಡುವಿನ ಕುರ್ಚಿಯಲ್ಲಿ, ಬಾಯಲ್ಲಿ ಮೊದಲೇ ಒಂದು ಗುಟುಕು ನೀರು ತುಂಬಿಕೊಂಡು ಕೂತಿದ್ದರು. ಅಪ್ಪಿತಪ್ಪಿ ನಗು ಬಂದರೆ ಕೂಡಲೇ ನುಂಗಲು. ಹಿಂದೆ ದ್ಯಾಮಣ್ಣ, ಕೈಯಲ್ಲಿ ತುಂಬಿದ ತಂಬಿಗೆ. ಗದಿಗೆಪ್ಪನವರಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಹಿಡಿಯಲಾರದ ಬಲಗೈಗೇ ಕೊಟ್ಟರು. ಮಾಸ್ತರರು ಮೈಕಿನಲ್ಲಿ ನನ್ನ ಬಾಳಿನ ಕಥೆಯನ್ನು ನನಗೇ ಹೇಳಿದರು. ಅರಿಯದ ಹುಡುಗಿ, ಬೇಟೆಗಾರನ ಬಲೆ, ಹರಿಣಿ ಎಂದೆಲ್ಲ ಅಂದರು. ಗದಿಗೆಪ್ಪನವರು ತಲೆ ತಗ್ಗಿಸಿ ಕೂತಿದ್ದರು. "ಈಗ ಆ ತಾಯಿ ಕ್ಷಮೆಯ ಎರಡು ಮಾತು ಆಡುತ್ತಾರೆ" ಎಂದು ನನ್ನ ಮುಂದೆ ಮೈಕು ತಂದರು.

ಎದ್ದು ನಿಂತೆ. ಮಾಡದ ತಪ್ಪನ್ನು ಕ್ಷಮಿಸಿದರೆ ಅವರ ತಲೆಯ ಮೇಲೆ ಆ ತಪ್ಪನ್ನು ಕಾಯಂ ಕೂರಿಸಿದಂತೆ. ನಿಜ ಹೇಳೋಣವೆಂದರೆ, ಎದುರಿಗೆ ಮುಂದಿನ ಸಾಲು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿತ್ತು. ನಾನು ತಡವರಿಸುವುದನ್ನು ಕಂಡೋ ಏನೋ, ಗದಿಗೆಪ್ಪನವರು ಕೋಲೂರಿ ಎದ್ದರು. ನನ್ನ ಪಕ್ಕಕ್ಕೆ ಬಂದು, ಆ ಸೊಟ್ಟ ಬಾಯಲ್ಲಿ, ತೊದಲುತ್ತ, ಹಲ್ಲಿಲ್ಲದ ಸಾಹುಕಾರ ಕಬ್ಬು ತಿಂದ ಆಟ ಶುರುಮಾಡಿದರು. ಬಲಗೈ ಏಳಲಿಲ್ಲ, ಇಲ್ಲದ ಕಬ್ಬನ್ನು ಎಡಗೈಯಲ್ಲಿ ಹಿಡಿದರು. ಜೊಲ್ಲು ಸುರಿಯಿತು.

ಒಬ್ಬರೂ ನಗಲಿಲ್ಲ. 'ಅಯ್ಯೋ ಪಾಪ' ಎಂಬ ಸದ್ದು ಸಾಲಿನಿಂದ ಸಾಲಿಗೆ ಹರಿಯಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಗದಿಗೆಪ್ಪನವರು ಕಬ್ಬಿನ ಎರಡನೆಯ ಗಣಿಕೆಗೆ ಬಂದು ನಿಂತುಬಿಟ್ಟರು. ಜನ ಬೈದರೂ ತಾಳಿಕೊಂಡ ಮನುಷ್ಯ, ಈ ಮರುಕ ತಾಳಲಿಲ್ಲ. ನನ್ನತ್ತ ನೋಡಿದರು. ನನ್ನ ಗಂಡ ನನ್ನನ್ನು ಹಾಗೆ ನೋಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಅಳಬೇಕಿತ್ತು. ಅದರ ಬದಲು, ಒಂದು ಸಲ ಕೈ ಹಿಡಿದ ಉಪಾಯವನ್ನೇ ಮಾಡಿದೆ. ಮೈಕಿಗೆ ಬಾಯಿ ಹಚ್ಚಿ, ಹೊಟ್ಟೆ ಹಿಡಿದುಕೊಂಡು, ಹಾ ಹಾ ಹಾ ಎಂದು ನಕ್ಕೆ.

ಮೈಕು ಕಿರುಗುಟ್ಟಿತು. ಸಭೆ ಹೌಹಾರಿತು. ಗಂಟುಮುಖದ ನೀಲವ್ವ ನಗುವುದನ್ನು ನಮ್ಮೂರಿನ ಅರ್ಧ ಜನ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನನ್ನ ನಗು ಚೆಂದದ್ದೇನಲ್ಲ, ಗಿರಣಿಯ ಪಟ್ಟಾ ಹರಿದಂತೆ ಸದ್ದು ಬರುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವರನ್ನು ನೋಡಿ ಪಕ್ಕದವರು, ಪಕ್ಕದವರನ್ನು ನೋಡಿ ಅವರಾಚೆಯವರು. ಗದಿಗೆಪ್ಪನವರಿಗೆ ಅಷ್ಟೇ ಸಾಕಾಗಿತ್ತು. ಮೂರನೆಯ ಗಣಿಕೆ ಕಚ್ಚಿದರು, ಸೊಟ್ಟ ಬಾಯನ್ನೇ ಆಟಕ್ಕೆ ಹಚ್ಚಿದರು, ಕಬ್ಬು ಒಂದು ಕಡೆಯಿಂದ ಒಳಹೋಗಿ ಇನ್ನೊಂದು ಕಡೆಯಿಂದ ಹೊರಬರುವ ಹಾಗೆ. ರಂಗಮಂದಿರ ನಡುಗಿತು. ಸಾಹುಕಾರರ ಕೆನ್ನೆ ಉಬ್ಬಿತು, ಕಣ್ಣು ಉಬ್ಬಿತು. ನುಂಗಲು ಹೋದರು, ಆಗಲಿಲ್ಲ. ಬಾಯಲ್ಲಿದ್ದ ನೀರೆಲ್ಲ ಮಾಸ್ತರರ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಹಾರಿತು, ಅದರ ಹಿಂದೆಯೇ ಐವತ್ತು ವರ್ಷದ ನಗೆ ಹೊರಬಿತ್ತು.

ಸಾಹುಕಾರರು ನಗುತ್ತಲೇ ಹಿಂದಕ್ಕೆ ಕೈಚಾಚಿದರು, ತಂಬಿಗೆಗೆ. ದ್ಯಾಮಣ್ಣನೂ ಬಿದ್ದು ಬಿದ್ದು ನಗುತ್ತಿದ್ದ. ಗದಿಗೆಪ್ಪನವರು ಸಾಹುಕಾರರ ಕಡೆ ನೋಡಲೇ ಇಲ್ಲ. ಎಡಗೈಯನ್ನು ಆಳಿನ ಮುಂದೆ ಹಿಡಿದರು.

"ದ್ಯಾಮಣ್ಣಾ, ಆ ತಂಬಿಗಿ ಇಲ್ಲಿ ಕೊಡಪಾ."

ನಕ್ಕವನ ಬಾಯಲ್ಲಿ 'ಒಲ್ಲೆ' ಬಂದೀತೇ? "ಹೂಂ" ಎಂದು ಕೊಟ್ಟುಬಿಟ್ಟ. ಆಮೇಲೆ ಗದಿಗೆಪ್ಪನವರು ಸಾಹುಕಾರರತ್ತ ತಿರುಗಿ, ಒಂದೊಂದೇ ಮಾತನ್ನು ಹಲ್ಲುಕಚ್ಚಿ ತಿದ್ದಿ ಹೇಳಿದರು. "ದವಾಖಾನಿ ಹಿಂದಿನ ಜಾಗಾ. ಬೇಲಿಯಿಂದ ಬಾವಿತನಕಾ. ಚಕ್ಕಡಿ ತಗದು. ಕಾಗದದ ಮ್ಯಾಲೆ. ಇಲ್ಲೇ. ಈಗ."

ಸಾಹುಕಾರರು ಬಾಯಿ ತೆರೆದರು, ಮುಚ್ಚಿದರು, ತೆರೆದರು. "ಹೂಂ" ಎಂದರು. ಒದ್ದೆ ಅಂಗಿಯ ಮಾಸ್ತರರೇ ಕಾಗದ ಬರೆದರು. ರುಜು ಹಾಕಿ ಮೂರು ಲೋಟ ನೀರು ಕುಡಿದ ಮೇಲೆ ಸಾಹುಕಾರರು ಮೈಕಿನ ಮುಂದೆ ನಿಂತು, ಈ ಜಾಗವನ್ನು ಕೊಡಬೇಕೆಂದು ತಾವು ಎಂದಿನಿಂದಲೋ ಸಂಕಲ್ಪ ಮಾಡಿದ್ದಾಗಿ ಹೇಳಿದರು. ಹೊಸ ಕೋಣೆಗೆ ಅವರ ತಾಯಿಯ ಹೆಸರು ಇಡುತ್ತಾರಂತೆ. ಇಡಲಿ, ಆ ಮುದುಕಿ ಒಳ್ಳೆಯವಳಿದ್ದಳು. ಕ್ಷಮೆಯ ಮಾತು ಎಲ್ಲರಿಗೂ ಮರೆತೇಹೋಗಿತ್ತು.

ಮರುದಿನ ಬೆಳಿಗ್ಗೆ ಅವರು ಪಡಸಾಲೆಯಲ್ಲಿ ಕೂತಿದ್ದರು. ನಾನು ಗಂಜಿ ತಂದಿಟ್ಟು, ರೂಢಿಯಂತೆ "ಉಪ್ಪ ಬೇಕೇನ್ರಿ?" ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ, "ನಿನ್ನೆ ನಕ್ಕಿಯಲಾ, ಥೇಟ್ ಅವತ್ತಿನಂಗ ಇತ್ತ ನೋಡು" ಎಂದರು.

"ಯಾವತ್ತಿನಂಗ?"

"ಹುಣಸಿಗಿಡದ ಬುಡಕ ನಕ್ಕಿದ್ದಿಯಲಾ, ಅವತ್ತಿನಂಗ. ಎರಡೂ ಸುಳ್ಳ ನಗಿ."

ಕೈಯಲ್ಲಿದ್ದ ಉಪ್ಪಿನ ಬಟ್ಟಲು ಹಾಗೆಯೇ ನಿಂತಿತು. "ನಿಮಗ... ಗೊತ್ತಿತ್ತೇನ್ರಿ?"

"ಯಾರ ಖರೇ ನಗ್ತಾರ ಯಾರ ಸುಳ್ಳ ನಗ್ತಾರ ಅಂತ ತಿಳೀಲಿಲ್ಲಂದ್ರ ನಾ ಎಂಥಾ ಹಾಸ್ಯಗಾರ? ಅದಕ್ಕ ಟ್ರಂಕಿನಿಂದ ಇಳದ ಬಂದೆ. ಈಕಿ ನಕ್ಕಿಲ್ಲ, ಬೇಕಾದ್ರ ಒಲ್ಲೆ ಅಂತಾಳ ಅಂತ ತಿಳಕೊಂಡೇ ಕೇಳಿದೆ. ನೀ ಹೂಂ ಅಂದಿ."

ಮೂವತ್ತೆಂಟು ವರ್ಷ ಯಾರ ಎದೆ ಒಡೆಯಬಾರದು ಎಂದು ಬಾಯಿ ಕಟ್ಟಿಕೊಂಡಿದ್ದೆನೋ, ಆ ಪುಣ್ಯಾತ್ಮ ಎಲ್ಲ ತಿಳಿದುಕೊಂಡು ನನ್ನ ಮುಂದೆಯೇ ರೊಟ್ಟಿ ತಿನ್ನುತ್ತ ಕೂತಿದ್ದ! ಮರ್ಯಾದೆ ಗಿರ್ಯಾದೆ ಎಲ್ಲ ಮರೆತುಹೋಯಿತು. ಸಿಟ್ಟಿನಿಂದಲೇ ಕೇಳಿದೆ. "ಹಂಗಾರ ಆ ಆಣಿ ಯಾಕ ಮಾಡಿದ್ರಿ? ಊರೆಲ್ಲಾ ಪ್ರಾಯಶ್ಚಿತ್ತ ಅಂತು. ನಾನೂ ಹಂಗ ತಿಳದು ಒಳಗೊಳಗ ಬೆಂದೆ."

"ಎಂಥಾ ಪ್ರಾಯಶ್ಚಿತ್ತ?" ಅವರು ಸೊಟ್ಟ ಬಾಯನ್ನು ಎಡಗೈಯಿಂದ ಒರೆಸಿಕೊಂಡರು. "ಜನಾ ಎಲ್ಲಾ ನಾ ನಗಿಸಿದ ಮ್ಯಾಲೆ ಹೂಂ ಅಂದಿದ್ದರು. ನಗದೇ ಹೂಂ ಅಂದಾಕಿ ನೀ ಒಬ್ಬಾಕಿ. ಅದು ಸಿಕ್ಕ ಮ್ಯಾಲೆ ಇನ್ನ ನನಗಂತ ಬೇಡೂದು ಏನ ಉಳದಿತ್ತು?"

ನಾನು ಮುಖ ತಿರುಗಿಸಿ ಹೊರಗೆ ನೋಡಿದೆ. ಕಣ್ಣು ತುಂಬಿತ್ತು, ತೋರಿಸಲು ಮನಸ್ಸಿರಲಿಲ್ಲ. ಆಮೇಲೆ ನೆನಪಾಯಿತು. "ಅದೆಲ್ಲಾ ಸರಿ. ಉಪ್ಪ? ಮೂವತ್ತೆಂಟ ವರ್ಷ ಉಪ್ಪ ಯಾಕ ಬೇಡಲಿಲ್ಲ?"

ಅವರು ತಪ್ಪು ಸಿಕ್ಕಿಬಿದ್ದ ಹುಡುಗನಂತೆ ಗಂಜಿಯ ಕಡೆ ನೋಡಿದರು. "ನೀ 'ಬೇಕೇನ್ರಿ' ಅಂತ ಕೇಳೂದು ಛಲೋ ಅನಸ್ತಿತ್ತು."

ಮೂವತ್ತೆಂಟು ವರ್ಷ. ದಿನಕ್ಕೆ ಎರಡು ಊಟ. ಬೇಳೆಗೆ ಉಪ್ಪು, ಮಜ್ಜಿಗೆಗೆ ಉಪ್ಪು. ಇದನ್ನು ನೆನೆಸಿಕೊಂಡೊಡನೆ ನಗು ಒತ್ತರಿಸಿತು. ಮೊದಲು ಮೂಗಿನಲ್ಲಿ ಬಂತು, ಆಮೇಲೆ ಗಂಟಲಲ್ಲಿ. ತಡೆಯಲು ನೋಡಿದೆ, ಆಗಲಿಲ್ಲ. ಉಪ್ಪಿನ ಬಟ್ಟಲು ಅಲ್ಲೇ ಕೈಜಾರಿತು. ಗೋಡೆಗೆ ಒರಗಿ, ನೆಲಕ್ಕೆ ಕುಸಿದು, ಸದ್ದೇ ಇಲ್ಲದೆ, ಉಸಿರು ಕಟ್ಟಿ, ಕಣ್ಣಲ್ಲಿ ನೀರು ಸುರಿಸುತ್ತ ನಕ್ಕೆ. ಖರೆ ನಗು ಹೀಗಿರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು. ಹಾ ಹಾ ಹಾ ಎಂದೇನೂ ಕೇಳಿಸುವುದಿಲ್ಲ.

ಅವರು ನಾನು ನಗುವುದನ್ನು ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, ಅಕ್ಕಸಾಲಿ ಬಂಗಾರ ನೋಡುವಂತೆ ನೋಡಿದರು. ಇದು ಖರೆ ಎಂದು ಗುರುತು ಸಿಕ್ಕಿರಬೇಕು. ಕೂಡಲೇ ಮುಂದಕ್ಕೆ ಬಾಗಿದರು.

"ನೀಲಾ," ಎಂದರು, ತೊದಲು ಒಂದಿಷ್ಟೂ ಇಲ್ಲದೆ, "ನಾಕ ಮಿರ್ಚಿ ಭಜಿ. ಬಿಸೀವು. ಉದ್ದ ಮೆಣಸಿನಕಾಯಿವು. ಈಗ."

ಡಾಕ್ಟರ ಮಾತು ನೆನಪಾಯಿತು. ನೀರಿನ ತಂಬಿಗೆ ನನ್ನ ಮೊಣಕೈ ಹತ್ತಿರವೇ ಇತ್ತು. ಒಂದು ಗುಟುಕು ಕುಡಿದಿದ್ದರೆ ಆಗುತ್ತಿತ್ತು.

"ಹೂಂ" ಎಂದು ಎದ್ದು, ಒಲೆಯ ಮೇಲೆ ಎಣ್ಣೆ ಇಟ್ಟೆ.